ಹೆಣದ ಅಂತಸ್ತು

ಸತ್ತ ಮೇಲೆ ಎಲ್ಲರೂ ಒಂದೇ ಅಂತಾರೆ. ಗೆಳೆಯರೇ, ಅದು ಸುಳ್ಳು. ಸತ್ತ ಮೇಲೂ ಮನುಷ್ಯನಿಗೆ ಅಂತಸ್ತು ಉಂಟು ಎಂದು ಈ ದೇಶದ ಕಾನೂನೇ ಬರೆದಿಟ್ಟಿದೆ. ನಾವು ಅದನ್ನು ಓದಿದ್ದು ಅಪ್ಪನನ್ನು ಸುಟ್ಟುಬಂದ ಮೇಲೆ.

ಅಪ್ಪ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷ ಕಬ್ಬಿಣ ಉಜ್ಜಿದ. ಸುಮನಹಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಬೂದಿಯಾದ. ಅಲ್ಲಿ ಕಟ್ಟಿದ ಶುಲ್ಕ ದೊಡ್ಡದಲ್ಲ. ಆದರೆ ಆಸ್ಪತ್ರೆ ಬಾಕಿ, ಹೆಣದ ಗಾಡಿ, ಚಟ್ಟ, ಬಟ್ಟೆ, ಹೂವು, ತಮಟೆಯವರು, ಊರಿಂದ ಬಂದವರ ಊಟ, ಹನ್ನೊಂದನೇ ದಿನದ ತಿಥಿ ಎಲ್ಲಾ ಕೂಡಿ 42,000 ರೂಪಾಯಿ. ಅದರಲ್ಲಿ 30,000 ಬಡ್ಡಿಯವನದು, ತಿಂಗಳಿಗೆ ನೂರಕ್ಕೆ ಐದರಂತೆ. ತಿಂಗಳು ತಿಂಗಳು 1,500 ಕಟ್ಟಿದರೂ ಅಸಲು ಅಲ್ಲಾಡುವುದಿಲ್ಲ. ಉಳಿದ 12,000 ಪಕ್ಕದ ಮನೆಯ ಸೊಪ್ಪು ಮಾರುವ ಅಕ್ಕನ ಚೀಟಿ ದುಡ್ಡು. ತಂಗಿಯ ಕಾಲೇಜು ಫೀಸು ನಿಂತಿತು.

'ಸಾವಿನ ಖರ್ಚಿಗೆ ಕಾನೂನಲ್ಲಿ ಏನಾದ್ರೂ ಐತಾ, ಓದಿದ್ದೀಯಲ್ಲ, ನೋಡು' ಅಂದಳು ಅವ್ವ.

ನೋಡಿದೆವು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ 320ನೇ ಕಲಂ ಪ್ರಕಾರ, ಸತ್ತವನು ಬಿಟ್ಟುಹೋದ ಆಸ್ತಿಯಿಂದ ಯಾವ ಸಾಲ ತೀರಿಸುವುದಕ್ಕೂ ಮೊದಲು ಅವನ ಅಂತ್ಯಕ್ರಿಯೆಯ ಖರ್ಚನ್ನು, ಕೊನೆಯ ಒಂದು ತಿಂಗಳ ವೈದ್ಯದ ಖರ್ಚನ್ನು ತೀರಿಸಬೇಕು. ಸ್ವಲ್ಪ ಮುಂದೆ 322ನೇ ಕಲಂ: ಕೂಲಿಯವರಿಗೆ, ಕಸುಬುದಾರರಿಗೆ, ಮನೆಗೆಲಸದವರಿಗೆ ಕೊನೆಯ ಮೂರು ತಿಂಗಳಲ್ಲಿ ಸಲ್ಲಬೇಕಾದ ಕೂಲಿಯೂ ಬೇರೆ ಸಾಲಗಳಿಗಿಂತ ಮೊದಲು. ಒಳ್ಳೆಯ ಮಾತು. ಸಾಲ ಕೊಟ್ಟವನಿಗಿಂತ ಹೆಣ ದೊಡ್ಡದು, ಬೆವರು ದೊಡ್ಡದು.

ಆದರೆ ಅದೇ 320ನೇ ಕಲಂ ಒಂದು ಮಾತು ಸೇರಿಸುತ್ತದೆ. ಖರ್ಚು ಸತ್ತವನ ಅಂತಸ್ತಿಗೆ, ಯೋಗ್ಯತೆಗೆ ತಕ್ಕಂತೆ ಇರಬೇಕು. ಈ ಯೋಗ್ಯತೆಯನ್ನು ಅಳೆಯುವವರು ಯಾರು? ನಮ್ಮೂರಲ್ಲಿ ಅದನ್ನು ಸುಡುಗಾಡೇ ಅಳೆದಿತ್ತು. ಅವರ ಹೆಣಕ್ಕೆ ಏರಿಯ ಮೇಲಣ ಹೊಲ, ನಮ್ಮ ಹೆಣಕ್ಕೆ ಮಳೆ ಬಂದರೆ ಮುಳುಗುವ ಕೆರೆಯಂಗಳ. ನಮ್ಮ ತಾತ ಅವರ ಸಾವಿನ ಸುದ್ದಿ ಹೊತ್ತು ಊರೂರು ನಡೆದ, ತಮಟೆ ಬಡಿದ, ಗುಂಡಿ ತೋಡಿದ. ಸಿಕ್ಕಿದ್ದು ಒಂದು ಮೊರ ರಾಗಿ. ಅವನ ಬಾಕಿ ಕೂಲಿಯನ್ನು ಯಾವ ಆಸ್ತಿಯ ಲೆಕ್ಕದಲ್ಲೂ ಯಾರೂ ಬರೆಯಲಿಲ್ಲ.

ಇನ್ನು ತೆರಿಗೆ. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆ ಸತ್ತವರು ಬಿಟ್ಟ ದೊಡ್ಡ ಆಸ್ತಿಗಳ ಮೇಲೆ ತೆರಿಗೆ ಹಾಕಿತು. ಆಸ್ತಿಯ ಬೆಲೆಯಲ್ಲಿ ಅಂತ್ಯಕ್ರಿಯೆಯ ಖರ್ಚನ್ನು ಕಳೆಯಬಹುದಿತ್ತು, ಆದರೆ 1,000 ರೂಪಾಯಿ ಮೀರುವಂತಿರಲಿಲ್ಲ. ಸಾಹುಕಾರ ಗಂಧದ ಕೊರಡಲ್ಲೇ ಸುಟ್ಟುಕೊಳ್ಳಲಿ, ಲೆಕ್ಕಕ್ಕೆ ಸಾವಿರವೇ. ತೆರಿಗೆಯ ಪುಸ್ತಕದಲ್ಲಾದರೂ ಹೆಣಗಳಿಗೆ ಒಂದೇ ಮಿತಿ ಇತ್ತು. 1985ರ ಮಾರ್ಚ್ 16ರಿಂದಾಚೆ ಸತ್ತವರ ಆಸ್ತಿಗೆ ಆ ತೆರಿಗೆಯೇ ಇಲ್ಲ. ವರಮಾನ ತೆರಿಗೆಯಲ್ಲಿ ಸಾವಿನ ಖರ್ಚಿಗೆ ಬೇರೆ ಕಡಿತವಿಲ್ಲ. ಇದ್ದಿದ್ದರೂ ವರಮಾನವೇ ಇಲ್ಲದ ನಮಗೇನು?

2022ರಲ್ಲಿ 'ಹೆಣ ಸುಡುವುದಕ್ಕೂ ನೂರಕ್ಕೆ 18 ಜಿಎಸ್‌ಟಿ' ಎಂಬ ಕೂಗೆದ್ದಿತು. ನಮ್ಮ ಗೆಳೆಯರೂ ವೇದಿಕೆಯಲ್ಲಿ ಅದನ್ನೇ ಹೇಳಿದರು. ನಿಜ ಅದಲ್ಲ. ಆ ತೆರಿಗೆ ಚಿತಾಗಾರ ಕಟ್ಟುವ ಗುತ್ತಿಗೆ ಕೆಲಸಕ್ಕೆ. ಸುಡುವ, ಹೂಳುವ, ಹೆಣ ಸಾಗಿಸುವ ಸೇವೆಯನ್ನು 2017ರ ಕಾಯ್ದೆಯೇ ಜಿಎಸ್‌ಟಿಯಿಂದ ಹೊರಗಿಟ್ಟಿದೆ. ನ್ಯಾಯ ಕೇಳುವವರು ಸುಳ್ಳು ಹೇಳಬಾರದು. ಆದರೆ ಹೊದಿಸಿದ ಬಟ್ಟೆಗೆ, ಹಚ್ಚಿದ ಊದುಬತ್ತಿಗೆ ನಾವು ತೆರಿಗೆ ಕೊಟ್ಟೇ ತಂದೆವು ಎಂಬುದೂ ನಿಜ.

ಈಗ ಎರಡು ಸಾವುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಸ್ತಿಯಿದ್ದವನು ಸತ್ತರೆ ಅವನ ಅಂತ್ಯಕ್ರಿಯೆ ಎಲ್ಲಾ ಸಾಲಕ್ಕಿಂತ ಮುಂದೆ ನಿಲ್ಲುತ್ತದೆ. ಆಸ್ತಿಯಿಲ್ಲದವನು ಸತ್ತರೆ ಅವನ ಅಂತ್ಯಕ್ರಿಯೆಯೇ ಬದುಕಿರುವವರ ತಲೆಯ ಮೇಲಿನ ಮೊದಲ ಸಾಲ.

ಇದರಲ್ಲಿ ನಮ್ಮ ತಪ್ಪೂ ಇದೆ. 42,000ದಲ್ಲಿ 18,000 ತಿಥಿಯದು. 'ಮಗನ್ನ ಡಿಗ್ರಿ ಓದ್ಸವ್ನೆ, ತಿಥಿ ಸಣ್ಣದಾಗಿ ಮಾಡಿದ್ರೆ ಜನ ಏನಂತಾರೆ?' ಎಂದರು ಚಿಕ್ಕಪ್ಪ. ನಾವು ಬಾಯಿ ಬಿಡಲಿಲ್ಲ. ಬಡ್ಡಿಯವನ ಕಾಗದಕ್ಕೆ ಸಹಿ ಹಾಕಿದ್ದು ಈ ಕೈಯೇ. ಅಂತಸ್ತಿಗೆ ತಕ್ಕ ಹೆಣ ಎಂಬ ಕಲಂ ನಮ್ಮೊಳಗೂ ಇತ್ತು. ಅದಕ್ಕೆ ದಂಡ ಕಟ್ಟುತ್ತಿರುವವಳು ತಂಗಿ.

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದೆ ಅಪ್ಪ ಎಷ್ಟೋ ಸಲ ಹಾದುಹೋಗಿದ್ದಾನೆ. ಇಎಸ್‌ಐ ಪಟ್ಟಿಯಲ್ಲಿ ಹೆಸರಿದ್ದ ಕಾರ್ಮಿಕ ಸತ್ತರೆ ಅಂತ್ಯಕ್ರಿಯೆಗೆ 15,000 ರೂಪಾಯಿವರೆಗೆ ಸಿಗುತ್ತದೆ. ಅಪ್ಪನ ಹೆಸರು ಇರಲಿಲ್ಲ. ಹತ್ತು ಮಂದಿ ದುಡಿದರೆ ಕಾಯ್ದೆ ಬಂದು ಕೂರುತ್ತದೆಂದು ಮಾಲೀಕ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುತ್ತಿದ್ದ.

ಆದರೂ 1948ರ ಇಎಸ್‌ಐ ಕಾಯ್ದೆಯ ಒಂದು ಸಾಲು ನಮ್ಮನ್ನು ಹಿಡಿದು ನಿಲ್ಲಿಸಿತು. ಸತ್ತವನಿಗೆ ಕುಟುಂಬವಿಲ್ಲದಿದ್ದರೆ, ಇದ್ದೂ ಜೊತೆಗಿಲ್ಲದಿದ್ದರೆ, ಆ ಹಣ ನಿಜವಾಗಿ ಖರ್ಚು ಮಾಡಿದವರಿಗೆ ಹೋಗಬೇಕು ಎಂದಿತ್ತು ಅದು. ಅಲ್ಲಿ ಜಾತಿ ಕೇಳಲಿಲ್ಲ, ಗೋತ್ರ ಕೇಳಲಿಲ್ಲ, ಅಂತಸ್ತು ಕೇಳಲಿಲ್ಲ. ಹೊತ್ತವರು ಯಾರು ಎಂದಷ್ಟೇ ಕೇಳಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಸುಮನಹಳ್ಳಿ, ಕೆಂಗೇರಿ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲು ನಿಂತಾಗ, ಹೆತ್ತ ಮಕ್ಕಳೇ ಹತ್ತಿರ ಬರಲು ಹೆದರಿದ ಹೆಣಗಳನ್ನು ಅಲ್ಲಿನ ಕೆಲಸಗಾರರು ಹೊತ್ತರು. ಅವತ್ತು ನೆಂಟರು ಯಾರಾಗಿದ್ದರು?

ಮೊನ್ನೆ ಅವ್ವ ಪಕ್ಕದ ಮನೆಗೆ ಹೋಗಿ, 'ಅಕ್ಕಾ, ಬಡ್ಡಿನಾದ್ರೂ ಇಸ್ಕೋ' ಅಂದಳು. ಸೊಪ್ಪು ಕಟ್ಟುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. 'ಹೆಣದ ದುಡ್ಡಿಗೆ ಬಡ್ಡಿ ಇಸ್ಕೊಂಡ್ರೆ ನಾಳೆ ನನ್ ಹೆಣ ಯಾರೇ ಹೊರ್ತಾರೆ?'

ನಾವು ಕೇಳುವುದು ತೆರಿಗೆಯ ವಿನಾಯಿತಿ ಅಲ್ಲ. ಮನುಷ್ಯನನ್ನು ಮಣ್ಣು ಮಾಡುವುದು ಸಮಾಜದ ಮೇಲಿರುವ ಋಣ. ಆ ಖರ್ಚು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಾರ್ವಜನಿಕ ಬೊಕ್ಕಸದಿಂದ ಬರಲಿ. ಗುಂಡಿ ತೋಡುವ, ಕುಲುಮೆ ನೋಡುವ ಕೈಗಳಿಗೆ ಪೂರಾ ಸಂಬಳ ಸಿಗಲಿ. ಮಾಲೀಕರ ಪುಸ್ತಕಕ್ಕೆ ಹತ್ತನೇ ಹೆಸರು ಬರಲಿ. ಮುಂದಿನ ಸಾವಿನ ಮನೆಯಲ್ಲಿ 'ಜನ ಏನಂತಾರೆ' ಎಂದವರಿಗೆ ನಾವು ಎದ್ದು ನಿಂತು ಉತ್ತರ ಹೇಳೋಣ. ಅಪ್ಪನ ತಿಥಿಯಲ್ಲಿ ಹೇಳಲಾಗದ ಮಾತು ಅದು.