ತುಂಬಿದ ಕೊಡ ತುಳುಕುವುದಿಲ್ಲ

ಈ ಗಾದೆಯನ್ನು ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಬಾಯಿ ಮುಚ್ಚಿಸಲು. ಮಾರ್ಕ್ಸ್ ಬಂದಿತೆಂದು ಜಂಬ ಕೊಚ್ಚುವ ಮೊಮ್ಮಗನಿಗೆ ಅಜ್ಜಿ ಹೇಳುತ್ತಾಳೆ, ಹುಡುಗ ಸುಮ್ಮನಾಗುತ್ತಾನೆ. ಕೇಳಿ ಕೇಳಿ ನಮಗೆಲ್ಲ ವಿನಯವೆಂದರೆ ಉಕ್ಕಿಬರುವ ಹೆಮ್ಮೆಯನ್ನು ಅದುಮಿಟ್ಟುಕೊಳ್ಳುವುದು ಎಂಬ ಭಾವನೆ ಬೇರೂರಿಬಿಟ್ಟಿದೆ. ಆದರೆ ಕೆರೆಯಿಂದ ಸೊಂಟದ ಮೇಲೆ ನೀರು ಹೊತ್ತು ತಂದವರನ್ನು ಕೇಳಿ ನೋಡಿ. ಅರೆಕೊಡದ ನೀರು ಹೆಜ್ಜೆಹೆಜ್ಜೆಗೂ ಕುಲುಕಾಡಿ ಸೀರೆ ತೋಯಿಸುತ್ತದೆ. ಕಂಠದವರೆಗೆ ತುಂಬಿದ್ದು ಸದ್ದಿಲ್ಲದೆ ಮನೆ ಸೇರುತ್ತದೆ. ಅಲ್ಲಾಡಲು ಒಳಗೆ ಜಾಗವೇ ಇರುವುದಿಲ್ಲ. ಹಾಗಾಗಿ ಗಾದೆಯ ಮುಂದೆ ನಾವು ಕೇಳಬೇಕಾದ್ದು ಈ ಕೊಡ ಯಾಕೆ ಸುಮ್ಮನಿದೆ ಎಂದಲ್ಲ, ಅದರಲ್ಲಿ ಏನು ತುಂಬಿದೆ ಎಂದು.

ಕ್ರಿಕೆಟಿಗ ರಾಹುಲ್ ದ್ರಾವಿಡ್ ಅವರನ್ನೇ ನೋಡಿ. ಬೆಂಗಳೂರಿನಲ್ಲಿ ಅವರು ಎದುರಾದರೆಂದು ಹೇಳುವವರ ಬಾಯಲ್ಲಿ ಕೊನೆಗೆ ಬರುವ ಮಾತು ಸಾಮಾನ್ಯವಾಗಿ ಒಂದೇ: 'ಎಷ್ಟು ಸಿಂಪಲ್ ಮನುಷ್ಯ!' 2017ರಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನವೊಂದರಲ್ಲಿ ಅವರು ಉಳಿದ ತಂದೆತಾಯಂದಿರ ಜೊತೆ ಕ್ಯೂನಲ್ಲಿ ನಿಂತಿದ್ದ ಫೋಟೊ ದೇಶವೆಲ್ಲ ಓಡಾಡಿತು. ಆ ಫೋಟೊ ನನಗೂ ಇಷ್ಟವೇ. ಆದರೆ ಕ್ಯೂನಲ್ಲಿ ನಿಲ್ಲುವುದು ಎಲ್ಲರೂ ಮಾಡಬೇಕಾದ ಕೆಲಸ; ಅದನ್ನೇ ದೊಡ್ಡಗುಣವೆಂದು ಹೊಗಳಿದರೆ ದ್ರಾವಿಡ್ ಅವರನ್ನು ಅಗ್ಗದ ತಕ್ಕಡಿಯಲ್ಲಿ ತೂಗಿದ ಹಾಗೆ.

ಅವರು ಟೆಸ್ಟ್ ಪಂದ್ಯಗಳಲ್ಲಿ ಎದುರಿಸಿದ್ದು 31,258 ಎಸೆತ. ಅಷ್ಟು ಎಸೆತಗಳನ್ನು ಬೇರೆ ಯಾವ ಬ್ಯಾಟ್ಸ್‌ಮನ್ನೂ ಎದುರಿಸಿಲ್ಲ. 2004ರಲ್ಲಿ ರಾವಲ್ಪಿಂಡಿಯಲ್ಲಿ 270 ರನ್ ಗಳಿಸಿದಾಗ ಕ್ರೀಸಿನಲ್ಲಿ ನಿಂತದ್ದು 12 ಗಂಟೆಗೂ ಹೆಚ್ಚು. ಇನ್ನೂರು ದಾಟಿದವನನ್ನೂ ಮುಂದಿನ ಎಸೆತ ಔಟ್ ಮಾಡಬಹುದು. ಹೀಗೆ ವರ್ಷಗಟ್ಟಲೆ ಆಡಿದವನಿಗೆ ಒಂದು ಕೆಲಸ ಎಷ್ಟು ಬೇಡುತ್ತದೆ ಎಂಬುದರ ಅಳತೆ ಮೈಗೆ ಹತ್ತಿಬಿಟ್ಟಿರುತ್ತದೆ. ತನ್ನ ಕೆಲಸದ್ದಷ್ಟೇ ಅಲ್ಲ, ಇನ್ನೊಬ್ಬರದ್ದೂ.

2017ರ ಜನವರಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಮುಂದಾದಾಗ ಅವರು ಒಪ್ಪಲಿಲ್ಲ. ಕ್ರೀಡೆಯಲ್ಲಿ ಸಂಶೋಧನೆ ಮಾಡಿಯೇ ಅದನ್ನು ಪಡೆಯುವೆ ಎಂದರು. ತಾಯಿ ಪುಷ್ಪಾ ಅವರು ವಾಸ್ತುಶಿಲ್ಪದ ಅಧ್ಯಾಪಕಿ, ಪಾಠ ಮಾಡುತ್ತಲೇ ಪಿಎಚ್.ಡಿ. ಮುಗಿಸಿದವರು. ಆ ಪದವಿಯ ಹಿಂದಿನ ಬೆವರು ಮಗನಿಗೆ ಮನೆಯಲ್ಲೇ ಗೊತ್ತಿತ್ತು.

2011ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ಬ್ರಾಡ್ಮನ್ ಹೆಸರಿನ ಉಪನ್ಯಾಸ ಕೊಟ್ಟರು. ಆಸ್ಟ್ರೇಲಿಯಾದ ಹೊರಗಿನ ಕ್ರಿಕೆಟಿಗನೊಬ್ಬನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ತನ್ನ ಬಗ್ಗೆ ಹೇಳಿಕೊಳ್ಳಲು ಅದಕ್ಕಿಂತ ದೊಡ್ಡ ವೇದಿಕೆ ಬೇಕೆ? ಅಲ್ಲಿ ಅವರು ನೆನೆದದ್ದು ಜೂನಿಯರ್ ದಿನಗಳ ಇಬ್ಬರು ಹುಡುಗರನ್ನು. ಒಬ್ಬನಿಗೆ ಹಿಂದಿ ಬಿಟ್ಟು ಬೇರೆ ಬಾರದು, ಇನ್ನೊಬ್ಬನಿಗೆ ಮಲಯಾಳಂ ಬಿಟ್ಟು ಬೇರೆ ಬಾರದು. ಆದರೂ ನ್ಯೂಜಿಲೆಂಡ್ ಹುಡುಗರೆದುರು ಇಬ್ಬರೂ ಸೇರಿ ದೊಡ್ಡ ಜೊತೆಯಾಟ ಕಟ್ಟಿದ್ದರು.

ಆದರೆ ಈ ಗಾದೆ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು 2018ರ ಫೆಬ್ರುವರಿ. ದ್ರಾವಿಡ್ ತರಬೇತಿಯಲ್ಲಿ ನಮ್ಮ ಹುಡುಗರು 19 ವರ್ಷದೊಳಗಿನವರ ವಿಶ್ವಕಪ್ ಗೆದ್ದರು. ಬಿಸಿಸಿಐ ಬಹುಮಾನ ಘೋಷಿಸಿತು: ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ಫಿಸಿಯೊ, ಟ್ರೈನರ್, ಫೀಲ್ಡಿಂಗ್ ಕೋಚ್ ಎಲ್ಲರೂ ಹುಡುಗರಿಗಾಗಿ ತನ್ನಷ್ಟೇ ದುಡಿದಿರುವಾಗ ತನಗೊಬ್ಬನಿಗೆ ಹೆಚ್ಚೇಕೆ ಎಂದು ಅವರು ಪಟ್ಟು ಹಿಡಿದರು. ಕೊನೆಗೆ ದ್ರಾವಿಡ್ ಸೇರಿ ಸಿಬ್ಬಂದಿಯೆಲ್ಲರಿಗೂ ತಲಾ 25 ಲಕ್ಷವೆಂದು ತೀರ್ಮಾನವಾಯಿತು. ಹಿಂದಿನ ಒಂದು ವರ್ಷ ತಂಡವನ್ನು ಅಣಿಗೊಳಿಸಲು ದುಡಿದು, ಪಂದ್ಯಾವಳಿ ನಡೆದ ನ್ಯೂಜಿಲೆಂಡಿಗೆ ಹೋಗದೆ ಉಳಿದವರಿಗೂ ಬಹುಮಾನ ಬಂತು. ಪಂದ್ಯಾವಳಿಗೆ ಮೊದಲೇ ತೀರಿಕೊಂಡಿದ್ದ ಟ್ರೈನರ್ ಒಬ್ಬರ ಕುಟುಂಬವನ್ನೂ ಮರೆಯಲಿಲ್ಲ.

ಕಪ್ ಗೆದ್ದ ಗದ್ದಲದಲ್ಲಿ ಸತ್ತವರ ದುಡಿಮೆ ಯಾರಿಗೆ ನೆನಪಿರುತ್ತದೆ? ದ್ರಾವಿಡ್ ಅವರಿಗೆ ಇತ್ತು. 2024ರಲ್ಲಿ ಟಿ20 ವಿಶ್ವಕಪ್ ಗೆದ್ದಾಗ ತನ್ನ ಪಾಲಿನ 5 ಕೋಟಿಯಲ್ಲಿ ಅರ್ಧ ಬಿಟ್ಟು, ಉಳಿದ ಕೋಚ್‌ಗಳಿಗೆ ಸಿಕ್ಕಷ್ಟೇ ಸಾಕೆಂದರೆಂಬ ಸುದ್ದಿ ಓದಿದೆ. ಅಚ್ಚರಿಯಾಗಲಿಲ್ಲ, ತುಂಬಾ ಸಂತೋಷವಾಯಿತು.