ಬಳಸುದಾರಿಯ ಊರು

ಅಮೆರಿಕದ ಪೂರ್ವಭಾಗದ ಬೆಟ್ಟಸಾಲಿನಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿಯಿದೆ. ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯಗಳನ್ನು ಹಾದು ಸುಮಾರು 3,500 ಕಿ.ಮೀ. ಸಾಗುವ ಹಾದಿ. ಒಂದೇ ಬೀಸಿಗೆ ನಡೆದು ಮುಗಿಸಲು ಹೊರಟವರಿಗೆ ಐದಾರು ತಿಂಗಳು ಬೇಕು. ಮರಗಳ ಮೇಲೆ ಬಳಿದ ಬಿಳಿ ಪಟ್ಟೆಗಳೇ ಅವರಿಗೆ ದಿಕ್ಕು. ಬೆನ್ನಿಗೆ ಕಟ್ಟಿದ ಬುತ್ತಿ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಆಗ ಬೆಟ್ಟ ಇಳಿದು ಯಾವುದಾದರೂ ಊರು ಸೇರಲೇಬೇಕು.

ಹಾಗೆ ಇಳಿದು ಬಂದವರು ಸ್ನಾನ ಮಾಡಿ ಎಷ್ಟು ದಿನವಾಗಿರುತ್ತದೋ! ಬೆವರು ನಾರುವ ಬಟ್ಟೆ, ಬೊಬ್ಬೆಯೆದ್ದ ಕಾಲು, ಎಷ್ಟು ತಿಂದರೂ ತಣಿಯದ ಹಸಿವು. ಅಂಥವರನ್ನು ರಸ್ತೆಯ ಬದಿಯಲ್ಲಿ ಕಂಡು ಕಾರು ನಿಲ್ಲಿಸಿ ಹತ್ತಿಸಿಕೊಳ್ಳುವವರಿದ್ದಾರೆ. ಬಿಸಿನೀರು ಕೊಡುವವರು, ಅಂಗಳದಲ್ಲಿ ಡೇರೆ ಹಾಕಿಕೊಳ್ಳಿ ಎನ್ನುವವರು ಇದ್ದಾರೆ. ನಡಿಗೆಯವರು ಇವರನ್ನು 'ಟ್ರೇಲ್ ಏಂಜೆಲ್' ಎಂದು ಕರೆಯುತ್ತಾರೆ. ವರ್ಜೀನಿಯಾದ ಡಮಾಸ್ಕಸ್ ಎಂಬ ಪುಟ್ಟ ಊರಿನಲ್ಲಿ ಈ ಹಾದಿ ಮುಖ್ಯ ಬೀದಿಯಲ್ಲೇ ಹಾಯುತ್ತದೆ. ಅಲ್ಲಿನ ಚರ್ಚೊಂದು 1970ರ ದಶಕದಲ್ಲಿ ನಡಿಗೆಯವರಿಗೆ ತಂಗಲು ಮನೆಯೊಂದನ್ನು ತೆರೆಯಿತು. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟವರು ದಾರಿಹೋಕರ ಪೂರ್ವೋತ್ತರ ವಿಚಾರಿಸುವುದಿಲ್ಲವಷ್ಟೆ, ಹಾಗೆ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಈ ಹಾದಿಯ ಊರುಗಳನ್ನೇ ಹೊಡೆಯಿತು. ಡಮಾಸ್ಕಸ್‌ಗೆ ಹಳ್ಳದ ನೀರು ನುಗ್ಗಿತು. ನಾರ್ತ್ ಕ್ಯಾರೊಲಿನಾದ ಹಾಟ್ ಸ್ಪ್ರಿಂಗ್ಸ್‌ನ ಅಂಗಡಿಗಳಲ್ಲಿ ಕೆಸರು ತುಂಬಿತು. ಟೆನೆಸ್ಸಿಯ ಅರ್ವಿನ್‌ನಲ್ಲಿ ನೊಲಿಚಕಿ ನದಿ ಉಕ್ಕಿ, ಆಸ್ಪತ್ರೆಯ ತಾರಸಿ ಏರಿದ್ದ 50ಕ್ಕೂ ಹೆಚ್ಚು ಮಂದಿಯನ್ನು ಹೆಲಿಕಾಪ್ಟರ್‌ಗಳು ಕಾಪಾಡಬೇಕಾಯಿತು. ಬೆಳಿಗ್ಗೆ ಕೆಲಸಕ್ಕೆಂದು ಹೋದ ಕೆಲವರು ಮನೆಗೆ ಮರಳಲೇ ಇಲ್ಲ. ನಡಿಗೆಯವರು ನದಿ ದಾಟುತ್ತಿದ್ದ ಸೇತುವೆಯೂ ಕೊಚ್ಚಿಹೋಯಿತು.

ಮರುವರ್ಷ ವಸಂತದಲ್ಲಿ ನಡಿಗೆಯವರು ಮತ್ತೆ ಬಂದರು. ಸೇತುವೆಯಿಲ್ಲದ ಕಡೆ ಕೆಲವು ಕಾಲ ದೋಣಿ, ಇಲ್ಲವಾದರೆ ಡಾಂಬರು ರಸ್ತೆಯ ಸುತ್ತು. ನನ್ನ ಮನಸ್ಸು ನಿಲ್ಲುವುದು ಇಲ್ಲಿ. ಬೆಟ್ಟ ಹತ್ತುವವರದು ತಾವಾಗಿ ಆರಿಸಿಕೊಂಡ ಕಷ್ಟ. ಬೇಡವೆನಿಸಿದ ದಿನ ಬಸ್ಸು ಹತ್ತಿ ಮನೆಗೆ ಹೋಗಬಹುದು. ಊರಿನವರದು ಕೇಳದೆ ಬಂದ ಕಷ್ಟ. "ನಮ್ಮ ಮನೆಯೇ ನೀರಲ್ಲಿ ಹೋಗಿದೆ, ನಿಮ್ಮ ಕಾಲ್ಬೊಬ್ಬೆ ಯಾವ ಲೆಕ್ಕ?" ಎಂದು ಅವರು ಅಂದಿದ್ದರೂ ತಪ್ಪು ಹುಡುಕುವಂತಿರಲಿಲ್ಲ. ಆದರೆ ಆ ಊರುಗಳು ಬಾಗಿಲು ತೆರೆದವು. ಡಮಾಸ್ಕಸ್‌ನಲ್ಲಿ 1987ರಲ್ಲಿ ಶುರುವಾದ 'ಟ್ರೇಲ್ ಡೇಸ್' ಹಬ್ಬ 2025ರ ಮೇ ತಿಂಗಳಲ್ಲೂ ನಡೆಯಿತು. ನಡಿಗೆಯವರೂ ಸುಮ್ಮನೆ ಉಂಡು ಹೋಗಲಿಲ್ಲ. ಹಿಂದೆ ಈ ಊರುಗಳಲ್ಲಿ ತಂಗಿದ್ದವರು ಕೆಸರು ಬಾಚಲು ಕೈಜೋಡಿಸಿದ್ದರು.

ಈ ಊರುಗಳ ವ್ಯಾಪಾರಕ್ಕೆ ನಡಿಗೆಯವರ ದುಡ್ಡೂ ಬೇಕು, ನಿಜ. ಅದರಿಂದ ಈ ಉಪಕಾರ ಹಗುರಾಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಅಂಗಡಿಗೆ ಗಿರಾಕಿ ಬೇಕಾಗಿರಬಹುದು. ನೆನೆದು ಮುದ್ದೆಯಾದ ಅಪರಿಚಿತನನ್ನು ಕಾರಿನ ಸೀಟಿನ ಮೇಲೆ ಕೂರಿಸಿಕೊಳ್ಳಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ನಮಗಿಂತ ಕಡಿಮೆ ನೊಂದವರ ನೋವನ್ನೂ ನೋವೆಂದು ಕಾಣುವುದು ಸುಲಭವಲ್ಲ.

ಎಲ್ಲೋ ರಸ್ತೆ ಅಗೆದಿದ್ದಾರೆಂದು ಇಂದು ಯಾರಾದರೂ ನಿಮ್ಮ ಬೀದಿಗೆ ಬಳಸಿಕೊಂಡು ಬಂದು ದಾರಿ ಕೇಳಿದರೆ, ಬೆರಳು ತೋರಿಸಿ ಒಳಗೆ ಹೋಗಿಬಿಡಬೇಡಿ. ಕುಡಿಯಲು ನೀರು ಬೇಕೇ ಎಂದೂ ಕೇಳಿ.