ಪರಂಪರೆಯ ಖರ್ಚು ಯಾರದು?

ಮಿರ್ಜಾನ ಎಂದರೆ ನಮಗೆ ಚಿರೆಕಲ್ಲಿನ ಕೋಟೆ ಮತ್ತು 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಅದೇ ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತವೂ ಒಂದು ಪರಂಪರೆಯೇ. ಕೋಟೆಯ ಗೋಡೆ ಯಾರೂ ಮುಟ್ಟದೆ ಬಹುಕಾಲ ನಿಂತೀತು. ಬಿತ್ತದೆ ಬಿಟ್ಟರೆ ಕಗ್ಗದ ಬೀಜ ಕೆಲವೇ ವರ್ಷಗಳಲ್ಲಿ ಸಾಯುತ್ತದೆ.

ಸಿಗಡಿ ಸಾಕಿದರೆ ಕೈಗೆ ನಾಲ್ಕು ಕಾಸು ಹೆಚ್ಚು ಎನ್ನುವ ರೈತನಿಗೆ ‘ತಳಿ ಉಳಿಸು’ ಎಂದು ಹೇಳುವ ಹಕ್ಕು ನಮಗಿದೆಯೆ? ಕೋಟೆಯ ದುರಸ್ತಿಗೆ ಸರಕಾರದ ಹಣವಿದೆ. ಕಗ್ಗ ಉಳಿದಿರುವುದು ಬೆಳೆಯುವವರ ರಟ್ಟೆಯ ಬಲದಿಂದ. ಉಳಿಯಬೇಕು ಎನ್ನುವವರು ಆ ಭಾರದಲ್ಲಿ ಪಾಲು ಹೊರಬೇಕು. ಕಗ್ಗದಕ್ಕಿಗೆ ನ್ಯಾಯವಾದ ಬೆಲೆಯನ್ನಾದರೂ ಕೊಡದವರಿಗೆ, ಗದ್ದೆಗೆ ಸಿಗಡಿ ಬಂತೆಂದು ದೂರುವ ಅಧಿಕಾರವಿಲ್ಲ.